ಲಾಂಚಾ ಗಾಡಿ ಪ್ರಕರಣ

ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸ್ಕೂಟರೂ ಬರುತ್ತಿರಲಿಲ್ಲ. ಸೈಕಲ್ ಬರುತ್ತಿತ್ತು, ಇಳಿಯುವಾಗ ಮಾತ್ರ ಯಾವುದಾದರೊಂದು ಗೋಡೆಯ ಸಹಕಾರ ಬೇಕಾಗುತ್ತಿತ್ತು. ಇಂಥ ಮನುಷ್ಯನಿಗೆ ಹಳೆಯ ಸಿನಿಮಾಗಳಲ್ಲಿ ಬಂದುಹೋಗುವ ಇಟಲಿಯ ಸ್ಪೋರ್ಟ್ಸ್ ಕಾರುಗಳನ್ನು ಗುರುತಿಸುವ ಹುಚ್ಚು ಎಲ್ಲಿಂದ ಅಂಟಿತೋ, ಕಟ್ಟಿಕೊಂಡ ಹೆಂಡತಿಗೇ ತಿಳಿಯಲಿಲ್ಲ. ನಾವು ಆ ಗೊಡವೆಗೆ ಹೋಗುವುದು ಬೇಡ.

ರಜೆಯ ದಿನ ಬಂತೆಂದರೆ ಗುಮಾಸ್ತರು ತೊಡೆಯ ಮೇಲೊಂದು ದಿಂಬು ಇಟ್ಟುಕೊಂಡು ಟಿ.ವಿ. ಮುಂದೆ ಕೂರುವರು. ರಿಮೋಟು ಅವರ ಕೈಯಲ್ಲಿ, ಕರವಸ್ತ್ರ ಹೆಂಡತಿಯ ಕೈಯಲ್ಲಿ. ಕಥೆ ಗಂಟಲು ಕಟ್ಟುವ ಹೊತ್ತಿಗೆ ಸರಿಯಾಗಿ ಅವರು ಚಿತ್ರವನ್ನು ಟಕ್ಕನೆ ನಿಲ್ಲಿಸಿಬಿಡುವರು.

"ರೀ, ಅವಳು ಸಾಯ್ತಾ ಇದಾಳೆ. ಮುಂದಕ್ಕೆ ಬಿಡ್ರೀ!"

"ಸಾಯ್ಲಿ ಇರು, ಏನವಸರ? ಹಿಂದುಗಡೆ ಮಸೆರಾಟಿ ನಿಂತಿದೆ."

ಪಾಪ, ಆ ನಾಯಕಿ ಅರ್ಧ ಬಾಯಿ ತೆರೆದುಕೊಂಡು, ಸಾಯಲೂ ಆಗದೆ ಬದುಕಲೂ ಆಗದೆ, ಗುಮಾಸ್ತರು ಹಿಂದಿನ ಕಾರಿನ ಹೆಡ್‌ಲೈಟು ನೋಡಿ ಮುಗಿಸುವವರೆಗೆ ಕಾಯಬೇಕಿತ್ತು. ಅವರ ಗುರುತು ಯಾವಾಗಲೂ ಸರಿಯಿರುತ್ತಿತ್ತು ಎಂದರೆ ಸತ್ಯಕ್ಕೆ ಅಪಚಾರವಾದೀತು. ಒಮ್ಮೆ "ಫೆರಾರಿ, ಫೆರಾರಿ!" ಎಂದು ಕುಣಿದದ್ದು ಮಂಜುಗಡ್ಡೆ ಸಾಗಿಸುವ ವ್ಯಾನಾಗಿತ್ತು. ಆದರೆ ಒಂದು ಕಾರಿನ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ, ಬೆಟ್ಟದ ರಸ್ತೆಯ ತಿರುವಿನಲ್ಲಿ ಬಳುಕಿಕೊಂಡು ಬರುವ, ಮೇಲೆ ಮುಚ್ಚಳವಿಲ್ಲದ ಎರಡು ಸೀಟಿನ ಕಾರು. ಅದರ ಕಂಪನಿ ಲಾಂಚಾ, ಹೆಸರು ಔರೇಲಿಯಾ, ಬಣ್ಣ ಕೆಂಪು.

"ಕಪ್ಪು ಬಿಳುಪು ಸಿನಿಮಾದಲ್ಲಿ ಕೆಂಪು ಎಲ್ಲಿ ಕಂಡ್ರಿ?" ಎಂದು ಹೆಂಡತಿ ಕೇಳಿದ್ದಳು.

"ಅದು ಓಡೋ ಠೀವೀಲೇ ಗೊತ್ತಾಗುತ್ತೆ ಕಣೇ."

ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವರಿಗೊಬ್ಬ ಷಡ್ಡಕನಿದ್ದ. ಹೆಂಡತಿಯ ಅಕ್ಕನ ಗಂಡ. ಆತ ಹೊಸ ಕಾರು ಕೊಂಡ. ಕೊಂಡದ್ದು ತಪ್ಪಲ್ಲ, ಅದನ್ನು ತೋರಿಸಲು ಸಂಸಾರ ಸಮೇತ ಬಂದ. ಕೈಯಲ್ಲಿ ಬೀಗದ ಕೈ ಗೊಂಚಲನ್ನು ಗಿರಗಿರ ತಿರುಗಿಸುತ್ತ, ಸೀಟು ತಾನಾಗಿ ಬಿಸಿಯಾಗುವುದನ್ನೂ ಕನ್ನಡಿ ತಾನಾಗಿ ಮಡಚಿಕೊಳ್ಳುವುದನ್ನೂ ವರ್ಣಿಸಿದ. ಕೊನೆಗೆ ಗುಮಾಸ್ತರ ಕಡೆ ಕರುಣೆಯಿಂದ ತಿರುಗಿ ಕೇಳಿದ:

"ನಿಮ್ದೇನ್ ಸಮಾಚಾರ? ರಜಾ ದಿನ ಸುಮ್ನೆ ಮನೇಲಿ ಬಿದ್ಕೊಂಡಿರ್ತೀರೋ ಹೇಗೆ?"

"ಇಲ್ಲ ಇಲ್ಲ," ಎಂದರು ಗುಮಾಸ್ತರು, "ಇಟಲಿ ಕಾರು ನೋಡ್ತಾ ಇದೀನಿ."

ನಮ್ಮ ಭಾಷೆಯಲ್ಲಿ 'ನೋಡುವುದು' ಎಂಬುದು ಬಹಳ ಅಪಾಯಕಾರಿ ಪದ. ಮಗನಿಗೆ ಹುಡುಗಿ ನೋಡುತ್ತಿದ್ದೇವೆ ಎಂದರೆ ಕಣ್ಣಿಗೆ ಸಂಬಂಧಪಟ್ಟ ವಿಷಯವಲ್ಲ. ಮನೆ ನೋಡುತ್ತಿದ್ದೇವೆ ಎಂದರೆ ಕಿಟಕಿಯಲ್ಲಿ ಕೂತು ಎದುರುಮನೆ ನೋಡುತ್ತಿದ್ದೇವೆ ಎಂದು ಯಾರೂ ತಿಳಿಯುವುದಿಲ್ಲ. ಷಡ್ಡಕನ ಬೆರಳಲ್ಲಿ ತಿರುಗುತ್ತಿದ್ದ ಗೊಂಚಲು ನಿಂತಿತು. ಅತ್ತಿಗೆಯ ಕೈಯ ಚಮಚ ತಟ್ಟೆಗೆ ಬಿತ್ತು.

"ಇಟಲಿದಾ? ಯಾವುದು?"

ಆಗಲೇ ಸರಿಪಡಿಸಬಹುದಿತ್ತು. ಆದರೆ ಷಡ್ಡಕ ತಾನು ಕೂತಿದ್ದ ಮೆತ್ತನೆಯ ಕುರ್ಚಿಯಿಂದ ಎದ್ದು, "ಬನ್ನಿ, ಇಲ್ಲಿ ಕೂತ್ಕೊಂಡು ಹೇಳಿ" ಎಂದುಬಿಟ್ಟ. ಮದುವೆಯಾದಾಗಿನಿಂದ ಆ ಕುರ್ಚಿ ತಮ್ಮ ಮನೆಯದೇ ಆದರೂ ಈ ಮನುಷ್ಯ ಬಂದಾಗ ಗುಮಾಸ್ತರು ಸ್ಟೂಲಿನ ಮೇಲೇ ಕೂತವರು. ಕೂತು ನೋಡಿದರು. ಮೆತ್ತಗಿತ್ತು.

"ಲಾಂಚಾ," ಎಂದರು. "ಔರೇಲಿಯಾ. ಮೇಲೆ ಮುಚ್ಚಳ ಇರಲ್ಲ."

ಹೆಂಡತಿ ಮೇಜಿನ ಕೆಳಗಿಂದ ಗಂಡನ ಕಾಲಿಗೆ ಒಂದು ಒದ್ದಳು. ಅದು ಗುರಿ ತಪ್ಪಿ ಷಡ್ಡಕನಿಗೆ ಬಿತ್ತು. ಇದು ಗುಟ್ಟಿನ ವ್ಯವಹಾರ, ಜಾಸ್ತಿ ಕೇಳಬೇಡಿ ಎಂಬ ಸೂಚನೆ ಇರಬೇಕೆಂದು ಅರ್ಥ ಮಾಡಿಕೊಂಡ ಆತ ತಲೆದೂಗಿ ಸುಮ್ಮನಾದ. ಬಾಡಿದ ಮುಖ ಹೊತ್ತು ಹೊರಟೂ ಹೋದ.

"ಏನ್ರೀ ನಿಮ್ಮ ಬಾಯಿಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು ಹೆಂಡತಿ ಬಾಗಿಲು ಹಾಕಿದ ಮೇಲೆ.

"ನಾನೇನು ಸುಳ್ಳು ಹೇಳಿದ್ನಾ?"

"ನಿಜಾನೂ ಹೇಳ್ಲಿಲ್ವಲ್ಲ!" ಎಂದವಳು ತೊಳೆದಿಟ್ಟ ಲೋಟಗಳ ಕಡೆ ನೋಡಿ, ಬೇರೆ ದನಿಯಲ್ಲಿ ಹೇಳಿದಳು: "ಅಕ್ಕ ಇವತ್ತು ತಾನೇ ಎದ್ದು ಲೋಟ ತೊಳೆದಿಟ್ಟು ಹೋದ್ಳು ರೀ. ಹುಟ್ಟಿದಾಗಿಂದ ನೋಡಿರ್ಲಿಲ್ಲ. ನಿಜ ಏನಿದ್ರೂ ನಾಳೆ ಹೇಳಿದ್ರಾಯ್ತು."

ಆ ನಾಳೆಗಿಂತ ಮುಂಚೆ ಬಂದವರು ವಸತಿ ಸಂಘದ ಕಾರ್ಯದರ್ಶಿ. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದರು. ಷಡ್ಡಕ ಹೋಗುವಾಗ ಕೆಳಗೆ ಕಾವಲುಗಾರನ ಹತ್ತಿರ ನಿಟ್ಟುಸಿರು ಬಿಟ್ಟುಹೋಗಿದ್ದ. ಅದು ಮೆಟ್ಟಿಲು ಹತ್ತಿ ಎಲ್ಲ ಮನೆಗಳನ್ನೂ ಹೊಕ್ಕಿತ್ತು.

"ಇಷ್ಟು ದೊಡ್ಡ ವಿಷಯ, ಸಂಘಕ್ಕೆ ಒಂದು ಮಾತು ಹೇಳೋದಲ್ವಾ ಸಾರ್? ಮೂಲೆ ಜಾಗ ನಿಮಗೇ ಅಂತ ಮಾಡಿದೀವಿ. ನಾಲ್ಕು ಸ್ಕೂಟರು, ಕೆಳಗಿನ ಮನೆ ಅಜ್ಜಿಯ ಹೂಕುಂಡ ಎಲ್ಲಾ ಎತ್ತಿಸಿದೀನಿ. ಈಗ ಗೇಟಿನ ಅಗಲ ಸಾಲುತ್ತಾ ನೋಡ್ಬೇಕು. ಕಾರು ಎಷ್ಟು ಅಗಲ ಬರುತ್ತೆ?"

ಗುಮಾಸ್ತರು ಆ ಕಾರನ್ನು ಟಿ.ವಿ. ಪರದೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಪ್ರಾಮಾಣಿಕವಾಗಿ ಎರಡು ಅಂಗೈಗಳನ್ನು ಮೊಳದಷ್ಟು ಅಗಲಿಸಿ ತೋರಿಸಿದರು.

"ಇಷ್ಟೇನಾ?"

"ದೂರದಲ್ಲಿದ್ದಾಗ," ಎಂದರು ಗುಮಾಸ್ತರು. "ಹತ್ತಿರ ಬಂದ್ರೆ ದೊಡ್ಡದಾಗುತ್ತೆ."

ಇಟಲಿಯವರು ಏನನ್ನು ಬೇಕಾದರೂ ಕಂಡುಹಿಡಿದಾರು ಎಂದು ಕಾರ್ಯದರ್ಶಿಗಳು ಬೆರಗಾಗಿ ಇಳಿದುಹೋದರು. ಹೋದವರು ಕಾವಲುಗಾರನಿಗೆ ಕಟ್ಟಪ್ಪಣೆ ಮಾಡಿದರು: "ಲಾಂಚಾ ಗಾಡಿ ಬರುತ್ತೆ. ತಡೀಬೇಡ, ಸೆಲ್ಯೂಟ್ ಹೊಡೆದು ಬಿಡು." ಕಾವಲುಗಾರ ಹಾಲಿನವನಿಗೆ ಹೇಳಿದ. ಹಾಲಿನವನು ಕಿರಾಣಿ ಅಂಗಡಿಯವನಿಗೆ ಹೇಳಿದ. ದಾರಿಯಲ್ಲಿ ಎಲ್ಲೋ ದೀರ್ಘ ಬಿದ್ದುಹೋಯಿತು. ಊರಿಗೆ ತಲುಪಿದ ಸುದ್ದಿ ಇಷ್ಟು: ತೂಕ ಅಳತೆ ಕಚೇರಿಯ ಗುಮಾಸ್ತರ ಮನೆಗೆ ಲಂಚದ ಗಾಡಿ ಬರುತ್ತದೆ.

ಗುಮಾಸ್ತರು ಜನ್ಮದಲ್ಲಿ ಲಂಚ ಮುಟ್ಟಿದವರಲ್ಲ. ಅದರಲ್ಲಿ ಅವರ ಹೆಚ್ಚುಗಾರಿಕೆಯೇನೂ ಇಲ್ಲ. ಯಾರೂ ಕೊಡಲು ಬಂದೇ ಇರಲಿಲ್ಲ. ಈಗ ಬರತೊಡಗಿದರು. ಒಬ್ಬ ಹಣ್ಣಿನ ವ್ಯಾಪಾರಿ ಸೇಬಿನ ಬುಟ್ಟಿ ಹೊತ್ತುಕೊಂಡು ಕಚೇರಿಗೆ ಬಂದು ಮೇಜಿನ ಮೇಲಿಟ್ಟು ಹಲ್ಲು ಗಿಂಜಿದ.

"ನಿಮಗೂ ಬೇಕಾಗುತ್ತೆ ಅಂತ ಇಷ್ಟು ದಿನ ಗೊತ್ತಾಗ್ಲಿಲ್ಲ ಸಾಮಿ. ಮನಸ್ಸಿಗೆ ಹಚ್ಕೋಬೇಡಿ. ಎರಡು ಕೆ.ಜಿ. ಇದೆ."

ಎರಡು ಕೆ.ಜಿ. ಎಂದು ಕಿವಿಗೆ ಬಿದ್ದ ಮೇಲೆ ಗುಮಾಸ್ತರ ಕೈ ಸುಮ್ಮನಿರುವುದುಂಟೆ? ಬುಟ್ಟಿಯನ್ನು ಕಚೇರಿಯ ತಕ್ಕಡಿಗೆ ಏರಿಸಿದರು. ಒಂದೂವರೆಯೂ ಇರಲಿಲ್ಲ. ಅಲ್ಲೇ ವ್ಯಾಪಾರಿಗೆ ನೋಟಿಸು ಕೊಟ್ಟು, ಸೇಬನ್ನು ಸಾಕ್ಷ್ಯವೆಂದು ಬೀರುವಿಗೆ ಹಾಕಿ ಬೀಗ ಜಡಿದರು. ಆತ ಹೊರಗೆ ಹೋಗಿ, "ಅಯ್ಯಪ್ಪಾ, ಲಂಚದಲ್ಲೂ ತೂಕ ನೋಡ್ತಾರಲ್ರೀ ಈ ಯಪ್ಪ!" ಎಂದು ಬೀದಿಗೆಲ್ಲ ಸಾರಿದ. ಅದು ಒಳಗೆ ಕೂತಿದ್ದ ಸಾಹೇಬರಿಗೂ ಕೇಳಿಸಿತು. ಸಾಹೇಬರು ಕರೆಸಿದರು.

ಸಾಹೇಬರದು ದೊಡ್ಡ ಮೀಸೆ. ಮಾತನಾಡುವ ಮೊದಲು ಅದನ್ನು ಎರಡೂ ಕಡೆ ಸಮತೂಕಕ್ಕೆ ತರುವುದು ಅವರ ಪದ್ಧತಿ.

"ಏನ್ರೀ, ಲಂಚದ ಗಾಡಿ ತಗೋತಾ ಇದೀರಂತೆ?"

"ತಗೋತಾ ಇಲ್ಲ ಸಾರ್. ನೋಡ್ತಾ ಇದೀನಿ ಅಷ್ಟೆ."

"ಲಂಚ ನೋಡ್ತಾ ಇದೀರಾ? ನನ್ನ ಎದುರಿಗೇ ಹೇಳ್ತೀರಾ?"

"ಲಂಚ ಅಲ್ಲ ಸಾರ್, ಲಾಂಚಾ. ಸ್ವಲ್ಪ ಎಳೀಬೇಕು."

"ಎಳೆದು ತಗೊಂಡ್ರೆ ಲಂಚ ಅಲ್ವಾ?" ಸಾಹೇಬರು ಮೇಜು ಗುದ್ದಿದರು. "ನನ್ನ ಸರ್ವೀಸಿನಲ್ಲಿ ಕೊಟ್ಟದ್ದನ್ನ ತಗೊಂಡೋರನ್ನ ಕಂಡಿದೀನಿ, ಎಳೆದು ತಗೊಂಡೋರನ್ನ ಕಂಡಿಲ್ಲ!"

ಗುಮಾಸ್ತರು ಬೆವೆತುಹೋದರು. ಅದು ಕಾರಿನ ಕಂಪನಿ, ಇಟಲಿಯದು, ಸಿನಿಮಾದಲ್ಲಿ ಬರುತ್ತದೆ ಎಂದು ತೊದಲಿದರು. ಬೇಕಾದರೆ ತೋರಿಸುತ್ತೇನೆ ಎಂದರು. ಹೀಗೆ ಸರ್ಕಾರಿ ಕಂಪ್ಯೂಟರಿನಲ್ಲಿ ಹಳೆಯ ಚಿತ್ರದ ಪ್ರದರ್ಶನ ಶುರುವಾಯಿತು. ಇಡೀ ಕಚೇರಿ ಸಾಹೇಬರ ಕುರ್ಚಿಯ ಹಿಂದೆ ನೆರೆಯಿತು. ಬೆಟ್ಟದ ರಸ್ತೆ ಬಂತು, ಕಾರು ಬಂತು, ನಿಂತಿತು. ಮೂತಿಯ ಮೇಲೆ ಹೆಸರಿನ ಬಿಲ್ಲೆ ಇನ್ನೇನು ಕಾಣಬೇಕು, ನಾಯಕಿ ಇಳಿದು ಬಂದು ಸರಿಯಾಗಿ ಅದರ ಮುಂದೆಯೇ ನಿಂತು ಹಾಡತೊಡಗಿದಳು. ಹಾಡು ಮುಗಿದ ಮೇಲೆ ಸರಿದಳು. ಸರಿಯುವಾಗ ಟೋಪಿಯನ್ನು ತೆಗೆದು ಬಿಲ್ಲೆಯ ಮೇಲೆಯೇ ಇಟ್ಟಳು.

"ಆ ಮಹಾತಾಯಿ ಒಂದು ಸಲ ಪಕ್ಕಕ್ಕೆ ಹೋಗಿದ್ರೆ ನನ್ನ ಕೆಲಸ ಉಳೀತಿತ್ತು," ಎಂದು ಗುಮಾಸ್ತರು ಗೋಳಾಡಿದರು.

"ಸುಮ್ನಿರ್ರೀ, ಏನ್ ಚೆನ್ನಾಗಿ ಹಾಡಿದಾರೆ," ಎಂದ ಸಾಹೇಬರು ತಟ್ಟನೆ ತಾವು ವಿಚಾರಣೆ ನಡೆಸುತ್ತಿರುವುದನ್ನು ನೆನಪಿಸಿಕೊಂಡು ಮೀಸೆ ಸರಿಮಾಡಿದರು. "ಲಾಂಚಾ ಅಂತ ಎಲ್ಲೂ ಕಾಣ್ಲಿಲ್ಲ. ಇಂಟರ್ನೆಟ್ಟಿನಲ್ಲಿ ಇದೆ ಗಿದೆ ಅನ್ಬೇಡಿ, ಅಲ್ಲಿ ಏನ್ ಬೇಕಾದ್ರೂ ಇರುತ್ತೆ. ನಮ್ಮ ಇಲಾಖೆ ಕಣ್ಣಾರೆ ಕಂಡದ್ದನ್ನ ಮಾತ್ರ ನಂಬುತ್ತೆ. ಭಾನುವಾರ ಬೆಳಿಗ್ಗೆ ನಾನೇ ನಿಮ್ಮನೆಗೆ ಬರ್ತೀನಿ. ಲಾಂಚಾ ಅನ್ನೋ ಕಾರನ್ನ ತೋರಿಸಿ. ಇಲ್ದಿದ್ರೆ ಸೋಮವಾರ ಕೆಲಸಕ್ಕೆ ಬರೋ ತೊಂದ್ರೆ ತಗೋಬೇಡಿ."

ಜೀವ ಬಾಯಿಗೆ ಬಂದಂತಾಗಿ ಹೊರಬಂದ ಗುಮಾಸ್ತರಿಗೆ ದಾರಿ ತೋರಿಸಿದ್ದು ಟೈಪಿಸ್ಟಮ್ಮ. "ಆ ನಟಿ ಇದೇ ಊರಲ್ಲಿದಾರಲ್ಲ ಸಾರ್. ಹಳೇ ಈಜುಕೊಳದ ಹಿಂದಿನ ಬೀದಿ, ದೊಡ್ಡ ಕಬ್ಬಿಣದ ಗೇಟು. ಆದ್ರೆ ಯಾರನ್ನೂ ಒಳಗೆ ಬಿಡಲ್ಲ. ಬಂದೋರೆಲ್ಲ 'ಚಿಕ್ಕವರಿದ್ದಾಗ ನಿಮ್ಮನ್ನ ನೋಡಿದ್ವಿ' ಅಂತ ಅಂದು ಅಂದು ಅವರಿಗೆ ರೇಜಿಗೆ ಹತ್ತಿಹೋಗಿದೆಯಂತೆ."

ಮುಳುಗಿದವರಿಗೆ ಚಳಿಯೇನು? ಅದೇ ಸಂಜೆ ಹೋದರು. ಗೇಟಿನ ಕಿಂಡಿ ತೆರೆಯಿತು. ಬಿಳಿ ಕೂದಲು, ಕಪ್ಪು ಕನ್ನಡಕ, ಚೂಪು ಮೂಗು.

"ಹಸ್ತಾಕ್ಷರ ಹಾಕಲ್ಲ. ಫೋಟೋ ತೆಗೆಸ್ಕೊಳ್ಳಲ್ಲ. ಚಿಕ್ಕವರಿದ್ದಾಗ ನೋಡಿದ್ದು ಕೇಳಲ್ಲ. ಇನ್ನೇನು?"

"ನಿಮ್ಮನ್ನ ನೋಡೋಕೆ ಬಂದಿಲ್ಲ ಅಮ್ಮ," ಎಂದರು ಗುಮಾಸ್ತರು ಗಾಬರಿಯಲ್ಲಿ. "ಕಾರಿನ ವಿಷಯ. ಆ ಬೆಟ್ಟದ ಹಾಡಿನಲ್ಲಿ ನೀವು ಕಾರಿಗೆ ಅಡ್ಡ ನಿಂತುಬಿಟ್ರಿ. ಹಾಡು ಪೂರ್ತಿ ಅಲ್ಲೇ ನಿಂತಿದ್ರಿ. ಒಂದು ಸಲ ಆದ್ರೂ ಆ ಕಡೆ ಜರುಗ್ಬಾರದಿತ್ತಾ?"

ಕಪ್ಪು ಕನ್ನಡಕ ಕಿಂಡಿಗೆ ಇನ್ನೂ ಹತ್ತಿರ ಬಂತು. ನಾಯಿ ಬಿಡುತ್ತಾರೆಂದು ಗುಮಾಸ್ತರು ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ಒಳಗಿನಿಂದ ಒಂದು ನಗು ಹೊರಟಿತು, ಗೇಟೇ ಗಡಗಡ ಅಲುಗುವಂಥದ್ದು.

"ನಾನು ಕಾರಿಗೆ ಅಡ್ಡ ನಿಂತಿದ್ನಾ? ಇಡೀ ದೇಶ ಆ ಕಾರು ನನಗೆ ಅಡ್ಡ ಇದೆ ಅಂತಿತ್ತಲ್ರೀ! ಬನ್ನಿ ಒಳಗೆ. ಇಷ್ಟು ವರ್ಷಕ್ಕೆ ಒಬ್ಬ ಮನುಷ್ಯ ಸಿಕ್ಕಿದ."

ಗುಮಾಸ್ತರು ಏನನ್ನೂ ಮುಚ್ಚಿಡದೆ ಹೇಳಿದರು. ಷಡ್ಡಕನ ಕುರ್ಚಿ, ಅಜ್ಜಿಯ ಹೂಕುಂಡ, ದೀರ್ಘ ಬಿದ್ದುಹೋದದ್ದು, ಸೇಬು, ಸಾಹೇಬರು. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ಕೇಳಿದರು. ಕೇಳಿ ಎದ್ದು ಹಿತ್ತಲಿನ ಶೆಡ್ಡಿನ ಬಾಗಿಲು ತಳ್ಳಿದರು.

"ಚಿತ್ರ ನೂರು ದಿನ ಓಡ್ತು. ಹಾರ ಹಾಕ್ತೀವಿ ಅಂದ್ರು ನಿರ್ಮಾಪಕರು. ಹಾರ ಬೇಡ, ಕಾರು ಕೊಡಿ ಅಂದೆ."

ಹೊದಿಕೆ ಸರಿಯಿತು. ಅದೇ ಮೂತಿ, ಅದೇ ಬಳುಕು, ಅದೇ ಬಿಲ್ಲೆ. ಗುಮಾಸ್ತರ ಬಾಯಿ ತೆರೆದದ್ದು ಹಾಗೇ ನಿಂತಿತು.

"ಕೆಂಪಲ್ವಾ ಇದು?" ಎಂದರು ಕೊನೆಗೆ.

"ಹುಟ್ಟಿದಾಗಿಂದ ತಿಳಿನೀಲಿ."

"ಇರಲಿ ಬಿಡಿ," ಎಂದರು ಗುಮಾಸ್ತರು ಉದಾರವಾಗಿ. ಕೈ ಮುಂದೆ ಹೋಗಿ, ಮುಟ್ಟಲು ಧೈರ್ಯ ಸಾಲದೆ ಹಿಂದೆ ಬಂತು. ಆಕೆ ಆ ಕೈಯನ್ನು ಹಿಡಿದು ಕಾರಿನ ಮೇಲಿಟ್ಟರು.

"ಭಾನುವಾರ ತರ್ತೀನಿ. ಆದ್ರೆ ನಂಬ್ಕೊಂಡು ಕೂರ್ಬೇಡಿ. ಅವಳಿಗೂ ವಯಸ್ಸಾಗಿದೆ, ನನಗೂ ಆಗಿದೆ. ಇಬ್ರಲ್ಲಿ ಯಾರಾದ್ರೂ ಒಬ್ರು ದಾರೀಲಿ ನಿಂತ್ರೆ ಕಷ್ಟ."

ಭಾನುವಾರ ಬೆಳಿಗ್ಗೆ ವಸತಿ ಕಟ್ಟಡದ ಗೇಟಿನ ಮುಂದೆ ಜಾತ್ರೆ. ಕಾರ್ಯದರ್ಶಿಗಳು ಮೂಲೆ ಜಾಗಕ್ಕೆ ಹಳದಿ ಬಣ್ಣದ ಗೆರೆ ಹೊಡೆಸಿದ್ದರು. ಜಾಗ ಕಳೆದುಕೊಂಡ ಸ್ಕೂಟರಿನವರು ಕೈಕಟ್ಟಿ ನಿಂತಿದ್ದರು. ಅಜ್ಜಿ ಹೂಕುಂಡವನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದರು. ಸಾಹೇಬರು ಮೀಸೆ ಸಮೇತ ಹಾಜರು. ಷಡ್ಡಕನೂ ಅತ್ತಿಗೆಯೂ ತಮ್ಮ ಹೊಸ ಕಾರನ್ನು ಗೇಟಿನ ಪಕ್ಕವೇ ನಿಲ್ಲಿಸಿ, ಬೆಂಕಿ ಹತ್ತಿದ ಮನೆ ನೋಡಲು ಬಂದವರ ಹಾಗೆ ಹಲ್ಲು ಬಿಗಿಹಿಡಿದು ಸಂತೋಷಪಡುತ್ತಿದ್ದರು.

ಹೇಳಿದ ಹೊತ್ತಾಯಿತು. ಕಾರು ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು. ಒಂದು ತರಕಾರಿ ಗಾಡಿ ಬಂತು. ಕಾವಲುಗಾರ ಅದಕ್ಕೆ ಸೆಲ್ಯೂಟ್ ಹೊಡೆದ.

"ಎಲ್ರೀ ನಿಮ್ಮ ಇಟಲಿ?" ಎಂದು ಷಡ್ಡಕ ಎಲ್ಲರಿಗೂ ಕೇಳುವಂತೆ ಕೇಳಿದ. "ದೂರದಲ್ಲಿದ್ದಾಗ ಚಿಕ್ಕದಾಗಿ ಕಾಣುತ್ತಂತಲ್ಲ, ಇಲ್ಲೇ ಎಲ್ಲೋ ಕಾಲಡಿ ಇರ್ಬೇಕು, ನೋಡಿ ತುಳಿದುಬಿಟ್ಟೀರಿ!"

ಜನ ಹೋ ಎಂದು ನಕ್ಕರು. ಗುಮಾಸ್ತರ ಮುಖ ಕೆಂಪಾಯಿತು. ಅವರ ಹೆಂಡತಿ ಗುಂಪಿನಿಂದ ಹೊರಬಂದು ಗಂಡನ ಪಕ್ಕಕ್ಕೆ ನಿಂತಳು. "ಹೇಳಿಬಿಡಿ ರೀ," ಎಂದಳು ಮೆಲ್ಲಗೆ. "ನಾನಿದೀನಿ."

ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

"ನಾನು ಯಾವ ಕಾರನ್ನೂ ಕೊಳ್ತಾ ಇಲ್ಲ. ಕೊಳ್ಳೋ ಯೋಗ್ಯತೇನೂ ಇಲ್ಲ, ಓಡ್ಸೋಕೂ ಬರಲ್ಲ. ಸಿನಿಮಾದಲ್ಲಿ ಬರೋ ಕಾರು ನೋಡ್ತೀನಿ. ಅಷ್ಟೇ ನನ್ನ ಸುಖ. ನೀವು ತಪ್ಪು ತಿಳ್ಕೊಂಡ್ರಿ, ಮರ್ಯಾದೆ ಕೊಟ್ರಿ, ಚೆನ್ನಾಗಿತ್ತು, ಸುಮ್ನಿದ್ದೆ. ಅಜ್ಜಿ, ನಿಮ್ಮ ಹೂಕುಂಡ ಮೂಲೇಲೇ ಇಟ್ಕೊಳ್ಳಿ. ಆದ್ರೆ ಸಾರ್, ಲಾಂಚಾ ಅನ್ನೋ ಕಾರು ಇದೆ. ನಾನು ಕೈಯಿಟ್ಟು ಮುಟ್ಟಿದೀನಿ. ಅದಕ್ಕೆ ಬೇಕಾದ್ರೆ ಕೆಲಸ ಬಿಡ್ತೀನಿ, ಇಲ್ಲ ಅಂತ ಮಾತ್ರ ಹೇಳಲ್ಲ."

ಇಂಥ ಭಾಷಣಕ್ಕೆ ಚಪ್ಪಾಳೆ ತಟ್ಟಬೇಕೋ ಬೈಯಬೇಕೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಮೀಸೆಯ ಬಲಭಾಗವನ್ನು ಸರಿಮಾಡಿದರು. ಎಡಕ್ಕೆ ಕೈ ಹೋಗುವಷ್ಟರಲ್ಲಿ ಬೀದಿಯ ತುದಿಯಿಂದ ಒಂದು ಸದ್ದು ಬಂತು. ಗುಡುಗಲ್ಲ, ಗೊರಕೆಯಲ್ಲ, ಹದವಾಗಿ ಗಂಟಲು ಸರಿಮಾಡಿಕೊಂಡ ಗವಾಯಿಯ ದನಿಯಂಥದ್ದು.

ತಿರುವಿನಲ್ಲಿ ತಿಳಿನೀಲಿ ಬಳುಕಿತು. ತಲೆಗೆ ವಸ್ತ್ರ ಬಿಗಿದು, ಕಪ್ಪು ಕನ್ನಡಕ ಹಾಕಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಆ ಮಹಾತಾಯಿ ಗೇಟಿನ ಮುಂದೆ ತಂದು ನಿಲ್ಲಿಸಿದರು. ಕಾವಲುಗಾರ ಸೆಲ್ಯೂಟ್ ಹೊಡೆಯಲು ಮರೆತ. ಅವನ ಬದಲು ಸಾಹೇಬರು ಹೊಡೆದರು.

"ತಡ ಆಯ್ತು," ಎಂದರು ಆಕೆ. "ದಾರೀಲಿ ಒಂದು ಕಡೆ ಅವಳು ನಿಂತ್ಲು, ಒಂದು ಕಡೆ ನಾನು ನಿಂತೆ. ಎಲ್ಲಿದಾರೆ ನನ್ನ ಕಾರಿನ ಅಭಿಮಾನಿ?"

"ಅಮ್ಮ," ಎಂದರು ಸಾಹೇಬರು ತೊದಲುತ್ತ, "ಚಿಕ್ಕವನಿದ್ದಾಗ ನಿಮ್ಮನ್ನ..."

"ಮೊದಲು ಕಾರು ನೋಡ್ರೀ."

ಸಾಹೇಬರು ಬಗ್ಗಿ ಬಿಲ್ಲೆಯನ್ನು ಅಕ್ಷರ ಅಕ್ಷರವಾಗಿ ಓದಿದರು. ಎದ್ದು ನಿಂತು, ಸಭೆಗೆ ತಿರುಗಿ, "ಲಾಂಚಾ!" ಎಂದು ದೀರ್ಘವನ್ನು ಬೀದಿಯ ಆ ತುದಿಯವರೆಗೆ ಎಳೆದು ಘೋಷಿಸಿದರು. "ಗುಮಾಸ್ತರು ನಿರ್ದೋಷಿ. ಸೋಮವಾರ ಕೆಲಸಕ್ಕೆ ಬನ್ನಿ. ಬರದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ!"

ಈಗ ಚಪ್ಪಾಳೆ ಬಿತ್ತು. ಸ್ಕೂಟರಿನವರು ಗುಮಾಸ್ತರನ್ನು ಎತ್ತಲು ಹೋಗಿ, ಭಾರವಾಗಿ, ಇಳಿಸಿದರು. ಕಾರ್ಯದರ್ಶಿಗಳು ಸಂಘದ ಪರವಾಗಿ ಬಾಗಿಲು ತೆರೆಯಲು ಓಡಿದರು. ಬಾಗಿಲಿಗೆ ಹಿಡಿಯೇ ಇಲ್ಲ! ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆ ಕಡೆಯೂ ಇಲ್ಲ.

"ಹೊರಗಡೆ ಹಿಡಿ ಇಲ್ಲ," ಎಂದರು ಗುಮಾಸ್ತರು ರಾಜಗಾಂಭೀರ್ಯದಿಂದ. "ಕೈ ಒಳಗೆ ಹಾಕಿ ತೆಗೀಬೇಕು." ತೆಗೆದು ತೋರಿಸಿದರು.

"ಕೂತ್ಕೊಳ್ಳಿ," ಎಂದರು ಆಕೆ.

ಖಾಲಿ ಸೀಟಿರುವುದು ಒಂದೇ. ಗುಮಾಸ್ತರು ಅದನ್ನು ನೋಡಿದರು, ಪಕ್ಕದಲ್ಲಿ ನಿಂತವಳನ್ನು ನೋಡಿದರು.

"ನೀನು ಕೂತ್ಕೊ," ಎಂದರು.

"ಅಯ್ಯೋ, ನಾನ್ಯಾಕೆ ರೀ? ನಿಮ್ಮ ಕಾರು!"

"ನಾನು ದಿನಾ ನೋಡ್ತೀನಲ್ಲ. ಕೂತ್ಕೊಳೇ."

ಹೆಂಡತಿ ಕೂತಳು. ಕಾರು ಒಂದು ಸಲ ಗಂಟಲು ಸರಿಮಾಡಿಕೊಂಡು ಹೊರಟಿತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಎರಡನೆಯ ಸುತ್ತಿಗೆ ಹೆಂಡತಿಯ ಜಡೆ ಬಿಚ್ಚಿಹೋಗಿ ಗಾಳಿಯಲ್ಲಿ ಹಾರುತ್ತಿತ್ತು. ಮೂರನೆಯ ಸುತ್ತಿಗೆ ಇಬ್ಬರೂ ಹೆಂಗಸರು ಬೆಟ್ಟದ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದರು. ಗುಮಾಸ್ತರು ರಸ್ತೆಯ ನಡುವೆ ನಿಂತು ಸಾಹೇಬರಿಗೂ ಸ್ಕೂಟರಿನವರಿಗೂ ಹೆಡ್‌ಲೈಟಿನ ವಿಷಯ ವಿವರಿಸುತ್ತಿದ್ದರು. ಅದರಲ್ಲಿ ಅರ್ಧ ತಪ್ಪಾಗಿತ್ತು. ಯಾರೂ ಕೇಳುವ ಗೋಜಿಗೆ ಹೋಗಲಿಲ್ಲ.

ಹೆಂಡತಿ ಇಳಿದಳು. ಕೂದಲನ್ನು ಸರಿಮಾಡಿಕೊಳ್ಳಲೂ ಇಲ್ಲ. ನೇರವಾಗಿ ಅಕ್ಕ ನಿಂತಿದ್ದಲ್ಲಿಗೆ ನಡೆದು, ಅವರ ಹೊಸ ಕಾರಿನ ಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅಕ್ಕನ ಭುಜದ ಮೇಲೆ ಮೆತ್ತಗೆ ಕೈಯಿಟ್ಟಳು.

"ನಿಮ್ಮದಕ್ಕೆ ಹೊರಗಡೆ ಹಿಡಿ ಇದೆ ಅಲ್ವಾ ಅಕ್ಕ? ಪರವಾಗಿಲ್ಲ, ಮನಸ್ಸಿಗೆ ಹಚ್ಕೋಬೇಡ. ಓಡುತ್ತಲ್ಲ, ಸಾಕು."

ಷಡ್ಡಕ ಅಂದು ಮನೆಗೆ ಹೋಗುವಾಗ ಬಾಗಿಲು ತೆರೆಯಲು ಹಿಡಿಗೆ ಕೈ ಹಾಕಿದವನು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣು ಹಾಯಿಸಿ, ನಾಚಿಕೊಂಡು ಹತ್ತಿದ.